ಆರನೇ ಕೊಕ್ಕೆಯ ಎರಡು ಗೂಟ

ನನ್ನ ಮೊಮ್ಮಗಳು ನಾಗಪುರದ ಸದರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಹೋದ ತಿಂಗಳು ಊಟ ಮಾಡುತ್ತ ಯಾರನ್ನೋ ಬೈಯುತ್ತಿದ್ದಳು. ಅಲ್ಲಿಯ ಹಳೆಯ ಯಂತ್ರವೊಂದಕ್ಕೆ ಒಬ್ಬಾತ ಪೂರಾ ಪ್ರೋಗ್ರಾಮನ್ನು ಅಸೆಂಬ್ಲಿ ಭಾಷೆಯಲ್ಲೇ ಬರೆದಿಟ್ಟು ಹೋಗಿದ್ದಾನಂತೆ. ಹಾಗಂದರೇನು ಎಂದು ಕೇಳಿದೆ.

"ಈಗೆಲ್ಲಾ ಮನಷ್ಯಾರ ಮಾತಿಗೆ ಹತ್ತರ ಇರೂ ಭಾಷಾದಾಗ ಬರೀತಾರ ಅಜ್ಜಿ. ಇದು ಹಂಗಲ್ಲ. ಯಂತ್ರ ಇಡೂ ಒಂದೊಂದು ಹೆಜ್ಜೀನೂ ಅದಕ್ಕ ನೇರ ಹೇಳೂದು. ಸಣ್ಣದಾಗತೈತಿ, ಜಲ್ದಿ ಓಡತೈತಿ. ಆದ್ರ ಬರದಾಂವ ಹೋದ ಅಂದ್ರ ಮುಟ್ಟಾಕ ಎಲ್ಲಾರಿಗೂ ಅಂಜಿಕಿ. ಬ್ಯಾರೆ ಯಂತ್ರಕ್ಕ ಹಾಕಿದ್ರ ನಡಿಯಂಗಿಲ್ಲ."

ತುತ್ತು ನನ್ನ ಕೈಯಲ್ಲೇ ಉಳಿಯಿತು. ಅಂಥದ್ದನ್ನು ನಾನೂ ಮಾಡಿದ್ದೆ, ಕಟ್ಟಿಗೆಯಲ್ಲಿ. ಅದನ್ನೇ ಬರೆಯುತ್ತೇನೆ. ನನ್ನದು ಎರಡನೇ ಇಯತ್ತೆಯ ಓದು. ಅಕ್ಷರ ವಾರೆಯಾದರೂ ವಿಷಯ ನೆಟ್ಟಗೆ ಇಡುತ್ತೇನೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಗಂಡನಿಗೆ ರೈಲ್ವೆಯಲ್ಲಿ ಕೆಲಸ, ನಾಗಪುರಕ್ಕೆ ವರ್ಗ. ಅದರ ಪಕ್ಕದ ಕಾಮಠಿಯಲ್ಲಿ ಒಂದು ಖೋಲಿ ಸಿಕ್ಕಿತು. ನಾನು ನೇಕಾರರ ಮನೆಯವಳು, ಕೈ ಸುಮ್ಮನಿರದು. ಅಲ್ಲೇ ಒಂದು ಕೈಮಗ್ಗದ ಕಾರ್ಖಾನೆ ಸೇರಿದೆ. ಅಲ್ಲಿ ನಮ್ಮ ಕಡೆಯವಳು ಇನ್ನೊಬ್ಬಳೇ ಇದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಗಂಡ ಸತ್ತವಳು, ಮನೆಯಲ್ಲಿ ಕಣ್ಣು ಕಾಣದ ಅತ್ತೆ. ಅವಳನ್ನು ಅಕ್ಕ ಎನ್ನುತ್ತಿದ್ದೆ. ಹೊಟ್ಟೆಪಾಡಿಗೆ ಅವಳಿಗೆ ಇದ್ದದ್ದು ಅಲ್ಲಿಯ ಮಗ್ಗವೊಂದೇ.

ಸೀರೆಯ ದಡಿಯಲ್ಲಿ ಹೂವು ಮೂಡಿಸುವುದು ಮಗ್ಗದ ತಲೆಯ ಮೇಲಿನ ಡಾಬಿ. ಅದಕ್ಕೆ ಕಟ್ಟಿಗೆ ಪಟ್ಟಿಗಳ ಒಂದು ಸರಪಳಿ. ಪಟ್ಟಿಯಲ್ಲಿ ಸಾಲು ತೂತು. ತೂತಿಗೆ ಗೂಟ ಚುಚ್ಚಿದರೆ ಅದರ ಕೊಕ್ಕೆ ಏಳುತ್ತದೆ, ಕೊಕ್ಕೆಯ ಜೊತೆ ಎಳೆಗಳು ಏಳುತ್ತವೆ. ಚುಚ್ಚದಿದ್ದರೆ ಇಲ್ಲ. ಲಾಳಿ ಒಮ್ಮೆ ದಾಟಿದರೆ ಒಂದು ಪಟ್ಟಿ ಮುಂದೆ ಸರಿಯುತ್ತದೆ. ಬೇರೆಯವರು ಮೊದಲು ಚೌಕಡಿ ಕಾಗದದ ಮೇಲೆ ಹೂವು ಬರೆದು, ಮನೆ ಎಣಿಸಿ, ಆಮೇಲೆ ಗೂಟ ಚುಚ್ಚುತ್ತಿದ್ದರು. ಮೂರು ದಿನದ ಕೆಲಸ. ನಾನು ಕಾಗದ ಮುಟ್ಟುತ್ತಿರಲಿಲ್ಲ. ಹೂವನ್ನು ಕಣ್ಣಲ್ಲಿಟ್ಟುಕೊಂಡು ನೇರ ಚುಚ್ಚುತ್ತಿದ್ದೆ, ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. ಬೇಡದ ಗೂಟ ಒಂದೂ ಇರುತ್ತಿರಲಿಲ್ಲ, ಹಾಗಾಗಿ ತುಳಿಯುವ ಕಾಲಿಗೆ ಭಾರವೂ ಕಡಿಮೆ. ಇದು ಸುಳ್ಳಲ್ಲ, ನನ್ನ ಸರಪಳಿ ಚಲೋ ಇರುತ್ತಿತ್ತು.

ಆದರೆ ನನ್ನ ಮಗ್ಗದ ಆರನೇ ಕೊಕ್ಕೆ ಮೈಗಳ್ಳ. ಒಂದು ಪಟ್ಟಿಯಷ್ಟು ತಡವಾಗಿ ಏಳುತ್ತಿತ್ತು. ಬಿಚ್ಚಿ ರಿಪೇರಿ ಮಾಡಿಸುವ ಬದಲು, ಹೂವಿನಲ್ಲಿ ಅದರ ಪಾಲಿನ ಎರಡು ಗೂಟಗಳನ್ನು ಒಂದು ಪಟ್ಟಿ ಮುಂಚೆಯೇ ಚುಚ್ಚಿಬಿಟ್ಟೆ. ಹೂವು ಸರಿಬಂತು. ಯಾರಿಗೂ ಹೇಳಲಿಲ್ಲ.

"ಕಾಗದಕ್ಕ ಇಳಿಸಿ ಇಡು ತಂಗಿ," ಎಂದು ಅಕ್ಕ ಒಂದು ದಿನ ಅಂದಳು. "ನಾಳೆ ನೀ ಇಲ್ಲಂದ್ರ?"

"ಎಲ್ಲಿ ಹೋಗತೀನಿ? ಸಾಯ್ತೀನೇನು?"

"ಸಾಯೂದು ಯಾಕ, ಒಂದು ಹಡದ್ರೂ ಸಾಕಲ್ಲ."

ನಕ್ಕು ಮಾತು ತೇಲಿಸಿದೆ. ಚೌಕಡಿ ನನಗೆ ತಿಳಿಯುತ್ತಿರಲಿಲ್ಲ, ಅದೊಂದು ಕಾರಣ. ಕಾಗದಕ್ಕೆ ಇಳಿದರೆ ಕಾರ್ಖಾನೆಯ ಮಾಲಕ ಸೇಠ್‌ಗೆ ನನ್ನ ಗರಜು ಉಳಿಯದು, ಅದು ಇನ್ನೊಂದು. ಎರಡನೆಯದೇ ದೊಡ್ಡದು.

ಆ ಮಳೆಗಾಲ ಚಳಿಜ್ವರ ಬಂದು ಹದಿನೈದು ದಿನ ಹಾಸಿಗೆ ಹಿಡಿದೆ. ಅಷ್ಟರಲ್ಲಿ ನನ್ನ ಮಗ್ಗದ ಕಂಬ ಸೀಳಿತು. ಸೇಠ್ ನನ್ನ ಸರಪಳಿ ಬಿಚ್ಚಿಸಿ ಅಕ್ಕನ ಮಗ್ಗಕ್ಕೆ ಹಾಕಿಸಿದ. ಅವಳ ಆರನೇ ಕೊಕ್ಕೆ ಹೊತ್ತಿಗೆ ಸರಿಯಾಗಿ ಏಳುವಂಥದ್ದು. ಹೂವಿನ ಎಸಳು ಮುರಿಯಿತು, ಪ್ರತಿ ಹೂವಿನಲ್ಲೂ. ಮೂರು ಸೀರೆ ಕೆಟ್ಟವು.

ನಾನು ಕೆಲಸಕ್ಕೆ ಮರಳಿದ ದಿನ ದಡಿ ನೋಡುತ್ತಲೇ ಗೊತ್ತಾಯಿತು.

"ನಿನ್ನ ಸರಪಳಿಗಿ ನನ್ನ ಮ್ಯಾಲ ಸಿಟ್ಟು ನೋಡು," ಅಂದಳು ಅಕ್ಕ. ನಗಲು ನೋಡಿದಳು, ಆಗಲಿಲ್ಲ. "ಏನರೆ ಐತೇನು ಅದರಾಗ? ಇದ್ರ ಹೇಳ. ಸೇಠ್ ಮಗ್ಗ ಬಿಡಸ್ತೀನಿ ಅನ್ನಾಕತ್ತಾನ."

"ಏನಿಲ್ಲ. ನಿನ್ನ ಕಾಲು ತಪ್ಪತಿರಬೇಕು," ಅಂದೆ.

ನನ್ನ ಸರಪಳಿಯಲ್ಲಿ ತಪ್ಪು ಹುಡುಕಿ ತೋರಿಸಿ ಎಂದು ಇಡೀ ಕಾರ್ಖಾನೆಯ ಮುಂದೆ ಜಂಬ ಕೊಚ್ಚಿದ್ದವಳು ನಾನು. ಅದು ಎಲ್ಲ ಮಗ್ಗಕ್ಕೂ ಆಗದು ಎನ್ನಲು ಬಾಯಿ ಬರಲಿಲ್ಲ. ಮಧ್ಯಾಹ್ನ ಎಲ್ಲರೂ ಉಣ್ಣಲು ಹೋದಾಗ ಮೇಲೆ ಹತ್ತಿ ಆ ಎರಡು ಗೂಟ ಕಿತ್ತು ಅವುಗಳ ಸರಿಯಾದ ಪಟ್ಟಿಗೆ ಚುಚ್ಚಿದೆ. ಅಕ್ಕನಿಗೆ ಒಳ್ಳೆಯದಾಗಲಿ ಎಂದೇ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಖೊಟ್ಟಿ ಮಾತು.

ಊಟವಾಗಿ ಬಂದ ಸೇಠ್, ಅಕ್ಕನನ್ನು ಎಬ್ಬಿಸಿ ನನ್ನನ್ನು ಕೂಡಿಸಿದ. ಒಂದು ಗೇಣು ನೇಯ್ದೆ. ಹೂವು ಇಡಿಯಾಗಿ ಬಂತು. ಅದೇ ಮಗ್ಗ, ಅದೇ ಸರಪಳಿ, ಇನ್ನೇನು ಬೇಕು ಎಂದ ಅವನು. ಅಕ್ಕನನ್ನು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಲು ಹಚ್ಚಿದ. ಮುದುಕರಿಗೂ ಮಕ್ಕಳಿಗೂ ಕೊಡುವ ಕೆಲಸ ಅದು. ಅವಳ ಮಗ್ಗ ನನ್ನದಾಯಿತು.

ನಾಲ್ಕೈದು ದಿನ ಕಳೆದ ಮೇಲೆ ಕಂಡಿಕೆಯ ಬುಟ್ಟಿ ತಂದಿಟ್ಟವಳು ತಲೆಯೆತ್ತಿ ಸರಪಳಿ ನೋಡುತ್ತ ನಿಂತಳು.

"ಖಾಲಿ ತೂತಿನಾಗೆಲ್ಲಾ ಹತ್ತಿ ಧೂಳ ತುಂಬೇತಿ. ಈ ಎರಡರಾಗ ಇಲ್ಲ," ಅಂದಳು. "ಯಾವಾಗ ಕಿತ್ತಿ?"

"ಆವತ್ತ ಮಧ್ಯಾಹ್ನ."

"ನಾ ಕೇಳಿದ ಮ್ಯಾಲ."

"ಹೂಂ."

ಅವಳು ಕೂಗಾಡಲಿಲ್ಲ. "ನೀನ ಹೋಗಿ ಹೇಳು. ನಾ ಹೇಳಿದ್ರ ಹೊಟ್ಟಿಕಿಚ್ಚು ಅಂತಾನ."

"ನಾಳೆ ಹೇಳತೀನಿ ಅಕ್ಕಾ."

ಹೇಳಲಿಲ್ಲ. ಒಂದು ತಿಂಗಳು ಅವಳು ಬುಟ್ಟಿ ಇಡುವಾಗ ನನ್ನ ಮುಖ ನೋಡುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು. ಅತ್ತೆ ಸತ್ತ ಮೇಲೆ ಕನ್ಹಾನ್ ಎಂಬ ಊರಿನ ಮೈದುನನ ಮನೆಗೆ ಹೊರಟುಹೋದಳು. ಅಲ್ಲಿಯವರೆಗೆ, ಎರಡು ವರ್ಷ, ನನ್ನ ಲಾಳಿಗೆ ಅವಳೇ ಕಂಡಿಕೆ ಸುತ್ತಿದಳು. ಒಂದರಲ್ಲೂ ಎಳೆ ಸಿಕ್ಕು ಬೀಳಲಿಲ್ಲ. ನೋಡಿದಿರಾ, ಇವಳ ಕೈ ಈ ಕೆಲಸಕ್ಕೇ ಬರೋಬರ್ ಎಂದು ಸೇಠ್ ಎಲ್ಲರ ಮುಂದೆ ಅನ್ನುತ್ತಿದ್ದ. ನಾನು ಕೇಳಿಸಿಕೊಂಡು ನೇಯುತ್ತಿದ್ದೆ.