ದುರುಗಮ್ಮನ ಮುಖ ಕಾಣದ ಕ್ಯಾಮೆರಾ

ದುರುಗಮ್ಮನಿಗೆ ಒಂಬತ್ತು ದಿನದ ಕೂಲಿ, ನಾನೂರ ಐವತ್ತು ರೂಪಾಯಿ, ಇನ್ನೂ ಬಂದಿಲ್ಲ. ಕೊಡಬೇಕಾದವರು ಹಗರಿಬೊಮ್ಮನಹಳ್ಳಿಯ ಶೇಂಗಾ ವ್ಯಾಪಾರಿ ನಾಗೇಂದ್ರಪ್ಪ. ಈಕೆ ಶೇಂಗಾ ಕದ್ದಳು, ಕ್ಯಾಮೆರಾದಲ್ಲಿ ಸಿಕ್ಕಿದ್ದಾಳೆ ಅನ್ನುವುದು ಅವರ ವಾದ.

ದುರುಗಮ್ಮ ಅವರ ಗೋದಾಮಿನಲ್ಲಿ ಹದಿನಾಲ್ಕು ವರ್ಷ ಬೀಜ ಆರಿಸಿದವಳು. ಜೊಳ್ಳನ್ನು ಬೆರಳಲ್ಲೇ ಗುರುತಿಸುತ್ತಾಳೆ, ಕಣ್ಣು ಬೇಕಿಲ್ಲ. ಗಂಡ ಸತ್ತ ಮೂರನೇ ವಾರಕ್ಕೆ ಕೆಲಸಕ್ಕೆ ಸೇರಿದಳು. ಬಾಯಿ ಜೋರು. ತೂಕದಲ್ಲಿ ಮೋಸ ಕಂಡರೆ ತಕ್ಕಡಿ ಮುಂದೆಯೇ ಕೂತುಬಿಡುತ್ತಿದ್ದಳು.

2007ರಲ್ಲಿ ಸಾಹುಕಾರ ನಾಗೇಂದ್ರಪ್ಪ ಗೋದಾಮಿಗೆ ಕ್ಯಾಮೆರಾ ತಂದರು. ಹಾಕಲು ಹೊಸಪೇಟೆಯಿಂದ ಬಂದ ಹಂಪೇಶ್, ಬಾಗಿಲ ಪಕ್ಕ, ಆಳೆತ್ತರಕ್ಕಿಂತ ತುಸು ಮೇಲೆ ಕೂರಿಸೋಣ ಎಂದ.

"ಅಲ್ಲಿ ಬ್ಯಾಡ. ಹಮಾಲ್ರು ಮೂಟಿ ಬಡದು ಒಡೀತಾರ. ಮ್ಯಾಲ ಏರ್ಸು" ಎಂದರು ಸಾಹುಕಾರರು.

ತಗಡಿನ ಕೆಳಗಿನ ತೊಲೆಗೆ, ಹದಿನೆಂಟು ಅಡಿ ಎತ್ತರಕ್ಕೆ ಏರಿತು. ಅಲ್ಲಿಂದ ಕಾಣುವುದು ನೆತ್ತಿ. ಧೂಳಿಗೆ ಹೆಂಗಸರೆಲ್ಲ ಸೆರಗನ್ನು ತಲೆಗೆ ಸುತ್ತಿ ಮೂಗಿನವರೆಗೆ ಕಟ್ಟುತ್ತಾರೆ. ಮೇಲಾಗಿ ಆ ದೀಪಾವಳಿಗೆ ಸಾಹುಕಾರರು ಒಂದೇ ಗಂಟು ಹಸಿರು ಸೀರೆ ಕೊಂಡು ಹನ್ನೆರಡು ಹೆಣ್ಣಾಳಿಗೂ ಹಂಚಿದ್ದರು. ಮಿಕ್ಕಿದ್ದೊಂದು, ಕೆಲಸ ನೋಡಿಕೊಳ್ಳುವ ಅವರ ಅಕ್ಕ ಅನ್ನದಾನಮ್ಮನಿಗೆ ಹೋಗಿತ್ತು.

ಹಬ್ಬ ಕಳೆದ ಮೇಲೆ, ಕ್ಯಾಮೆರಾಕ್ಕೆ ಜೋಡಿಸಿದ ಟೀವಿಯಲ್ಲಿ ಒಂದು ಹಸಿರು ಸೆರಗು ಶೇಂಗಾದ ಸಣ್ಣ ಚೀಲ ಎತ್ತಿಕೊಂಡು ಹೋಯಿತು. ಯಾರದೆಂದು ತಿಳಿಯಲಿಲ್ಲ. ಬಾಯಿ ಜೋರಿನವಳ ತಲೆಗೆ ಕಟ್ಟಿದರು; ಎಲ್ಲರ ಮುಂದೆ ಕಳ್ಳಿ ಎಂದು, ಕೂಲಿ ಹಿಡಿದುಕೊಂಡು ಕೆಲಸ ಬಿಡಿಸಿದರು.

ನಾವು ಕೂಲಿಕಾರರ ಸಂಘದವರು ಕೇಳಲು ಹೋದೆವು. ದುರುಗಮ್ಮ ನಮಗೆ ಬಾಯಿ ತೆರೆಯಲು ಬಿಡಲಿಲ್ಲ. ಎಲ್ಲರೂ ಅವತ್ತು ಅದೇ ಸೀರೆ ಉಟ್ಟು ಬರುವಂತೆ ಮೊದಲೇ ಹೇಳಿಟ್ಟಿದ್ದಳು. ಅನ್ನದಾನಮ್ಮನೂ ಉಟ್ಟಿದ್ದಳು.

"ಸಾವ್ಕಾರ್ರ, ನಾವು ಕ್ಯಾಮೆರಾ ಕೆಳಗ ನಿಂದರ್ತೀವಿ. ನೀವು ಟೀವಿ ನೋಡಿ, ಇದ್ರಾಗ ನಾನ್ಯಾವಾಕಿ ಹೇಳ್ರಿ."

ಸಾಹುಕಾರರು ಕನ್ನಡಕ ಏರಿಸಿದರು. "ಮೂರನೇದಾಕಿ. ನಿಲ್ಲೋ ಸೊಕ್ಕು ನೋಡಿದ್ರ ಗೊತ್ತಾಗಂಗಿಲ್ಲೇನು?"

ಮೂರನೆಯವಳು ಸೆರಗು ತೆಗೆದಳು. ಅನ್ನದಾನಮ್ಮ!

"ಲೇ ನಾಗೇಂದ್ರ, ನಾನ್ಯಾವಾಗಲೇ ಕಳ್ಳಿ ಆದೆ?"

"ಅಕ್ಕಾರ, ನಿಮ್ಮ ಕೂಲೀನೂ ಹೋತು ತಗೋರಿ" ಎಂದು ಜೊತೆಯವಳು ಸುಂಕಮ್ಮ ನಕ್ಕಳು.

ಮರುವಾರ ಹಂಪೇಶ್ ಮತ್ತೆ ಬಂದ. ಕ್ಯಾಮೆರಾ ಬಾಗಿಲ ಒಳಬದಿಗೆ, ಏಳಡಿಗೆ ಇಳಿಯಿತು. ಮೂಟೆ ತಾಗದಂತೆ ಕಬ್ಬಿಣದ ಜಾಲರಿ ಬಂತು. ಹೊರಹೋಗುವವರ ಮುಖದ ಮೇಲೆ ಬಾಗಿಲ ಬೆಳಕು ಬೀಳುತ್ತದೆ. ಸೆರಗು ಇಳಿಸಿದರೆ ಕೆನ್ನೆಯ ಮಚ್ಚೆಯೂ ಕಾಣುತ್ತದೆ. ಆವತ್ತು ಚೀಲ ಒಯ್ದವರು ಯಾರೋ, ಇವತ್ತಿಗೂ ಗೊತ್ತಿಲ್ಲ.

"ಆತು ದುರುಗಮ್ಮ, ನಾಳಿಂದ ಬಾ" ಎಂದರು ಸಾಹುಕಾರರು.

"ಹಂಗ ಬರಾಂಗಿಲ್ರಿ. ಎಲ್ಲಾರ ಮುಂದ ಕಳ್ಳಿ ಅಂದೀರಿ. ಎಲ್ಲಾರ ಮುಂದ ತಪ್ಪಾತು ಅನ್ರಿ."

ಅವರು ಅನ್ನಲಿಲ್ಲ. ಈಕೆ ಹೋಗಲಿಲ್ಲ. ಬೇರೆ ಗೋದಾಮಿಗೆ ಕೆಲಸ ಕೇಳಲು ಹೋದರೆ, "ಕ್ಯಾಮೆರಾದಾಗ ಸಿಕ್ಕಾಕಿ ನೀನೇ ಏನು?" ಎಂದು ಕೇಳಿ ಕಳಿಸಿದರು.

ನಿಮ್ಮ ಅಂಗಡಿಯಲ್ಲೂ ಕ್ಯಾಮೆರಾ ಇದ್ದೀತು. ಇವತ್ತೇ ಅದರ ಕೆಳಗೆ ನಿಂತು, ನಿಮ್ಮ ಮನೆಯವರನ್ನು ಟೀವಿ ಮುಂದೆ ಕೂರಿಸಿ. ಅವರಿಗೇ ನಿಮ್ಮ ಗುರುತು ಸಿಗದಿದ್ದರೆ ಕ್ಯಾಮೆರಾ ಇಳಿಸಿ. ಅದನ್ನು ನಂಬಿ ಈಗಾಗಲೇ ಯಾರನ್ನಾದರೂ ಕಳ್ಳ ಅಂದಿದ್ದರೆ, ಅಂದ ಜಾಗದಲ್ಲೇ, ಕೇಳಿದ ಜನರ ಮುಂದೆಯೇ ನಿಂತು ಆ ಮಾತು ವಾಪಸ್ ತೆಗೆದುಕೊಳ್ಳಿ.