ಚಂದ್ರನ ಬೆನ್ನು ಮತ್ತು ನನ್ನ ಸಂಕಷ್ಟಿ

ಸಂಕಷ್ಟಿಯ ದಿನ ನಾನು ಒಂದು ಕಡೆ ಕೂತವಳಲ್ಲ. ಇಷ್ಟು ವರ್ಷದ ಉಪವಾಸಕ್ಕೆ ಹೊಟ್ಟೆ ಒಗ್ಗಿದೆ, ಕಾಲು ಒಗ್ಗಿಲ್ಲ. ಮಧ್ಯಾಹ್ನದವರೆಗೆ ಸಾಬೂದಾಣಿ ಖಿಚಡಿಯ ಬಲದ ಮೇಲೆ ಭಕ್ತಿ ನೆಟ್ಟಗಿರುತ್ತದೆ. ದೀಪ ಹಚ್ಚುವ ಹೊತ್ತಿಗೆ ಅದು ಗಚ್ಚಿಯ ಮೆಟ್ಟಿಲು ಹತ್ತಿ ಇಳಿಯತೊಡಗುತ್ತದೆ. ಚಂದ್ರ ಬಂದನೇ ಎಂದು ನೋಡಲು ಒಮ್ಮೆ, ಒಣಗಿದ ಬಟ್ಟೆ ತರುವ ನೆಪದಲ್ಲಿ ಒಮ್ಮೆ, ಬಟ್ಟೆ ಆಗಲೇ ತಂದಾಗಿದೆ ಎಂದು ಮೇಲೆ ಹೋದಮೇಲೆ ನೆನಪಾಗಿ ಮತ್ತೊಮ್ಮೆ. ದೇವರ ಮೇಲೆ ನಂಬಿಕೆ ಇರುವವರಿಗೆ ತಾಳ್ಮೆ ತಾನಾಗಿ ಬರುತ್ತದೆ ಎನ್ನುತ್ತಾರೆ. ನನ್ನ ಪಾಲಿನದು ದಾರಿಯಲ್ಲೆಲ್ಲೋ ಇದೆ, ಇನ್ನೂ ಮನೆ ಮುಟ್ಟಿಲ್ಲ.

ಮಳೆಗಾಲದ ಸಂಕಷ್ಟಿಯದಂತೂ ಬೇರೆಯೇ ಪರೀಕ್ಷೆ. ನಮ್ಮ ಸೋಲಾಪುರದ ಮೋಡಗಳ ಸ್ವಭಾವ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಅವು ಬರುತ್ತವೆ, ಕೂಡುತ್ತವೆ, ಮಳೆ ಮಾತ್ರ ಕೊಡುವುದಿಲ್ಲ. ಹೋಗಲಿ, ಚಂದ್ರನನ್ನಾದರೂ ಬಿಟ್ಟುಕೊಡುತ್ತವೆಯೇ ಎಂದರೆ ಅದೂ ಇಲ್ಲ. ಏನೂ ತಾರದೆ ಬಂದು, ಬಾಗಿಲಿಗೆ ಅಡ್ಡ ಕೂತ ನೆಂಟರ ಹಾಗೆ. ಅತ್ತೆ ಇದ್ದಾಗ ಇದಕ್ಕೊಂದು ಉಪಾಯವಿತ್ತು. ಪಂಚಾಂಗದಲ್ಲಿ ಚಂದ್ರೋದಯದ ಹೊತ್ತು ನೋಡಿ, ಮಣೆಯ ಮೇಲೆ ಅಕ್ಕಿಯಿಂದ ಚಂದ್ರನನ್ನು ಬರೆದು, ಅವನಿಗೇ ಅರ್ಘ್ಯ ಬಿಟ್ಟು ಊಟಕ್ಕೆ ಕೂಡುವುದು. ನಾನು ಬರೆದ ಚಂದ್ರ ಒಮ್ಮೆಯೂ ದುಂಡಗೆ ಬರಲಿಲ್ಲ. ಅವನು ನನ್ನ ಚಪಾತಿಯ ಬಳಗದವನು.

ಮದುವೆಯಾದ ಹೊಸದರಲ್ಲಿ ಇಂಥದೇ ಒಂದು ಮಬ್ಬು ಸಂಕಷ್ಟಿಯ ದಿನ ಇವರು ತಮ್ಮ ಟ್ರಂಕಿನಿಂದ ಒಂದು ದೊಡ್ಡ ಫೋಟೊ ತಂದು ನನ್ನ ಮುಂದಿಟ್ಟರು. ಇವರು ಎಂದರೆ ನನ್ನ ಯಜಮಾನರು. ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. ದೇವರ ಮನೆಯೊಳಗೆ ಬರುವುದು ಕಡಿಮೆ, ಹೊಸ್ತಿಲಿನ ತನಕ ಬಂದು ಪ್ರಸಾದ ತೆಗೆದುಕೊಂಡು ಹೋಗುತ್ತಾರೆ. "ತಗೋ, ಖರೇ ಚಂದ್ರ. ಸನೇದಿಂದ ತಗದದ್ದು. ನೋಡಿ ಉಣ್ಣು," ಎಂದರು. ಚೇಷ್ಟೆಗೆ ಹೇಳಿದ್ದರು. ನಾನು ನಿಜವಾಗಿಯೇ ಅರ್ಘ್ಯ ಕೊಟ್ಟು ಉಂಡೆ. ಅತ್ತೆಯೂ ನೋಡಿ, ಅಕ್ಕಿಯ ಚಂದ್ರನಿಗಿಂತ ಇವನು ವಾಸಿ ಎಂದರು. ಮರುದಿನವೇ ದೇವರ ಪಟಗಳಿಗೆ ಕಟ್ಟು ಹಾಕುವವನ ಹತ್ತಿರ ಅದಕ್ಕೂ ಗಾಜು, ಚೌಕಟ್ಟು ಹಾಕಿಸಿ ದೇವರ ಮನೆಯ ಪೂರ್ವದ ಗೋಡೆಗೆ ತೂಗುಹಾಕಿದೆವು. ಅಂದಿನಿಂದ ಮೋಡದ ಸಂಕಷ್ಟಿಗಳಲ್ಲಿ ನಾನು ಹಸಿದು ಮಲಗಿಲ್ಲ. ಇದನ್ನು ನಾನು ದೇವರ ಸಣ್ಣ ದಯೆಗಳ ಲೆಕ್ಕಕ್ಕೆ ಹಾಕಿಕೊಂಡಿದ್ದೇನೆ.

ಆ ಟ್ರಂಕಿನ ವಿಷಯ ಹೇಳಬೇಕು. ಮನುಷ್ಯರು ಚಂದ್ರನ ಮೇಲೆ ಇಳಿಯುವ ಮೊದಲು, ಇಳಿಯಲು ಜಾಗ ಹೇಗಿದೆ ಎಂದು ನೋಡಿಬರಲು ಒಳಗೆ ಯಾರೂ ಕೂರದ ಗಾಡಿಗಳನ್ನು ಕಳಿಸಿದ್ದರಂತೆ. ನಾವು ಹುಡುಗಿ ಕೊಡುವ ಮೊದಲು ಒಬ್ಬರನ್ನು ಮನೆ ನೋಡಿಬರಲು ಕಳಿಸುವುದಿಲ್ಲವೇ, ಹಾಗೆ. ಅಂಥ ಒಂದು ಗಾಡಿ ಚಂದ್ರನ ಸುತ್ತ ತಿರುಗುತ್ತ ಫೋಟೊ ತೆಗೆಯಿತು. ಫಿಲ್ಮನ್ನು ತನ್ನ ಹೊಟ್ಟೆಯೊಳಗೇ ತೊಳೆಯಿತು, ಒಣಗಿಸಿತು. ಆಮೇಲೆ ಆ ಚಿತ್ರವನ್ನು ಸಣ್ಣ ಸಣ್ಣ ಪಟ್ಟಿಯಾಗಿ ಓದಿ ರೇಡಿಯೋ ಮೂಲಕ ಕೆಳಗೆ ಕಳಿಸಿತು. ಇಲ್ಲಿಯವರು ಶ್ಯಾವಿಗೆ ಎಳೆ ಹರವಿದಂತೆ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ಚಿತ್ರ ಕೂಡಿಸಿದರು. ಕೆಲಸ ಮುಗಿದ ಮೇಲೆ ಗಾಡಿಯನ್ನು ಅಲ್ಲೇ ಚಂದ್ರನ ಮೇಲೆ ಬೀಳಿಸಿಬಿಟ್ಟರಂತೆ. ಇವರು ಇದನ್ನು ಮೊದಲ ಸಲ ಹೇಳಿದಾಗ ನನಗೆ ಗಾಡಿಯ ಮೇಲೆ ಬಹಳ ಕನಿಕರವಾಯಿತು. ತೊಳೆದು, ಒಣಗಿಸಿ, ಹಂಚಿಕೊಟ್ಟು ಕೊನೆಗೆ ಮೂಲೆಗೆ ಬೀಳುವುದು ಯಾರ ಬಾಳು ಎಂಬುದು ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ.

ಇವರು ಎಳೆವಯಸ್ಸಿನಲ್ಲಿ ಹೊರದೇಶಕ್ಕೆ ಕಾಗದ ಬರೆದು ಆ ಚಿತ್ರಗಳ ಪ್ರತಿ ತರಿಸಿದ್ದರು. ಅದೇ ಟ್ರಂಕಿನ ಆಸ್ತಿ. ವರ್ಷಗಳು ಕಳೆದವು, ಬೇಸಿಗೆಯ ಕಾವಿಗೆ ಫೋಟೊಗಳು ಹಪ್ಪಳದಂತೆ ಸುರುಳಿಯಾದವು, ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯಿತು, ಕೆಲವು ಕಾಗದದ ಮೇಲಿನ ಬೆಳ್ಳಿಯ ಲೇಪ ಕರಗಿ ಹಳದಿಯಾದವು. ತಲೆಗೂದಲು ಉದುರಿದ್ದಕ್ಕೆ ಚಿಂತೆ ಮಾಡದ ನನ್ನ ಯಜಮಾನರು ಇದಕ್ಕೆ ಊಟ ಬಿಟ್ಟರು. ಯಾರೋ ಹೇಳಿದರು: ಕಂಪ್ಯೂಟರಿಗೆ ಸ್ಕ್ಯಾನರ್ ಎಂಬ ಯಂತ್ರ ಜೋಡಿಸಿದರೆ ಚಿತ್ರವನ್ನು ಹಾಗೇ ಒಳಗೆ ಎಳೆದುಕೊಳ್ಳುತ್ತದೆ, ಆಮೇಲೆ ಬೂಸ್ಟಿನ ಭಯವಿಲ್ಲ. ಕಾಲೇಜಿನಲ್ಲಿ ಆ ಯಂತ್ರ ಇರಲಿಲ್ಲ. ಎಲ್ಲಿತ್ತು ಎನ್ನುತ್ತೀರಿ? ಅಕ್ಕಲಕೋಟ ರಸ್ತೆಯ ಎಂಐಡಿಸಿ ಎಂಬ ಕಾರಖಾನೆಗಳ ಬಡಾವಣೆಯಲ್ಲಿ, ಇವರ ಹಳೆಯ ವಿದ್ಯಾರ್ಥಿಯೊಬ್ಬನ ಚಾದರ ಮತ್ತು ಟಾವೆಲ್ ಕಾರಖಾನೆಯಲ್ಲಿ. ಮಗ್ಗದ ಮೇಲೆ ನವಿಲು, ಗುಲಾಬಿ ಮೂಡಿಸಲು ಅವುಗಳ ಚಿತ್ರವನ್ನು ಮೊದಲು ಕಂಪ್ಯೂಟರಿಗೆ ಹಾಕಬೇಕಲ್ಲ, ಅದಕ್ಕೆ. ಮಗ್ಗಗಳು ಓಡುವಾಗ ನೆಲ ನಡುಗುತ್ತದೆ, ಚಿತ್ರ ಅಲುಗುತ್ತದೆ. ಆದ್ದರಿಂದ ಮಗ್ಗ ನಿಂತಿರೂ ವಾರದ ಸುಟ್ಟಿಯ ದಿನ ಬರ್ರಿ ಸರ, ಎಂದ ಆ ವಿದ್ಯಾರ್ಥಿ.

ಹೀಗೆ ನವಿಲುಗಳ ಜಾಗದಲ್ಲಿ ಚಂದ್ರನ ಕೆಲಸ ಶುರುವಾಯಿತು. ಯಂತ್ರ ನಡೆಸುವವನು ಅಂಬಾದಾಸ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ಮೂರರಲ್ಲೂ ಚೇಷ್ಟೆ ಬಿಡದವನು. ಮೊದಲ ದಿನ ಚಿತ್ರಗಳನ್ನು ನೋಡಿ, "ಸರ, ಇಷ್ಟ ತೂತ ಇದ್ದ ಮಾಲ್ ನಮ್ಮಲ್ಲಿ ರಿಜೆಕ್ಟ್ ಆಗತದ ನೋಡ್ರಿ," ಎಂದನಂತೆ. ಇವರು ನಕ್ಕರು. ಮುಂದಿನ ವಾರ ನಗು ನಿಂತಿತು. ಟಾವೆಲ್ಲಿನ ನಕ್ಷೆಯಲ್ಲಿ ಗೆರೆ, ಚುಕ್ಕೆ, ಡಾಗು ಕಂಡರೆ ಒರೆಸಿ ಸ್ವಚ್ಛ ಮಾಡುವುದು ಅಂಬಾದಾಸನ ರೂಢಿ. ಅದೇ ಪ್ರೀತಿಯಿಂದ ಅವನು ಚಂದ್ರನನ್ನೂ ಸ್ವಚ್ಛ ಮಾಡಿಟ್ಟಿದ್ದ. ಪಟ್ಟಿ ಕೂಡಿದ ಗೆರೆಗಳೆಲ್ಲ ಮಾಯ. ಸಣ್ಣ ಗುಣಿಗಳೆಲ್ಲ ಮಾಯ. ಚಂದ್ರ ಆಗತಾನೆ ಇಸ್ತ್ರಿ ಮಾಡಿದಂತೆ ನುಣ್ಣಗಿದ್ದ. ಇವರು ಮನೆಗೆ ಬಂದು ಚಹಾ ಕುಡಿಯದೆ ಹಜಾರದಲ್ಲಿ ಅತ್ತಿಂದಿತ್ತ ತಿರುಗಿದರು. ನಾನು ಗಚ್ಚಿಯ ಮೆಟ್ಟಿಲಲ್ಲಿ ಮಾಡುವುದನ್ನೇ ಇವರು ಹಜಾರದಲ್ಲಿ ಮಾಡಿದರು. ಇವರದಕ್ಕೆ ಸಂಶೋಧನೆ ಎಂದು ಹೆಸರು. ಮತ್ತೆ ಮೊದಲಿನಿಂದ ಎಲ್ಲ ಮಾಡಿಸಿದರು. ಏನೂ ಒರೆಸಬಾರದು, ಏನೂ ಸೇರಿಸಬಾರದು, ಇದ್ದದ್ದು ಇದ್ದ ಹಾಗೆ ಎಂದು ಕಟ್ಟಪ್ಪಣೆಯಾಯಿತು.

ಒಂದು ಚಿತ್ರ ಕಂಪ್ಯೂಟರಿನ ಒಂದು ಫ್ಲಾಪಿ ತಟ್ಟೆಯಲ್ಲಿ ಹಿಡಿಯುವುದಿಲ್ಲ, ತುಂಡು ಮಾಡಿ ಹಲವುಗಳಲ್ಲಿ ತುಂಬಬೇಕು. ಪಟ್ಟಿ ಪಟ್ಟಿಯಾಗಿ ಬಂದ ಚಂದ್ರ ಮತ್ತೆ ತುಂಡಾದ. ಫ್ಲಾಪಿಗಳ ಒಂದು ಜೊತೆ ನಮ್ಮಲ್ಲಿ, ಇನ್ನೊಂದು ಜೊತೆ ಅಕ್ಕಲಕೋಟದಲ್ಲಿ ವನ್ಸ, ಅಂದರೆ ಇವರ ಅಕ್ಕನ ಮನೆಯಲ್ಲಿ. ಒಂದು ಮನೆಗೆ ಏನಾದರೂ ಆದರೆ ಇನ್ನೊಂದರಲ್ಲಿ ಉಳಿಯಲಿ ಎಂದು. ವನ್ಸ ಅವನ್ನು ರೇಶ್ಮೆ ಸೀರೆಗಳ ನಡುವೆ ಇಟ್ಟರು. ಅದಕ್ಕಿಂತ ದೊಡ್ಡ ಭದ್ರತೆ ನಮ್ಮ ಮನೆತನದಲ್ಲಿಲ್ಲ.

ಎಲ್ಲ ಮುಗಿಯಿತು ಎನ್ನುವಾಗ ಒಂದು ಚಿತ್ರ ಕಡಿಮೆ ಬಂತು. ಇವರ ಕಣ್ಣು ನಿಧಾನವಾಗಿ ದೇವರ ಮನೆಯ ಕಡೆ ತಿರುಗಿತು.

ಗೋಡೆಯಿಂದ ಇಳಿಸಿ, ಹಿಂದಿನ ರಟ್ಟು ಬಿಚ್ಚಿದರು. ಅಲ್ಲಿ ಫೋಟೊದ ಬೆನ್ನಿಗೆ ಅಚ್ಚಾಗಿದ್ದ ವಿವರ ಓದಿ ಇವರು ಮೆಲ್ಲಗೆ ರಟ್ಟು ಮುಚ್ಚಹೋದರು. ನಾನು ಏನೆಂದು ಕೇಳಿದೆ. ಆಗ ತಿಳಿದದ್ದು: ಅದು ನಮಗೆ ಕಾಣುವ ಚಂದ್ರನೇ ಅಲ್ಲ. ಚಂದ್ರ ಭೂಮಿಗೆ ಯಾವಾಗಲೂ ಒಂದೇ ಮುಖ ತೋರಿಸುತ್ತಾನಂತೆ. ಇದು ಆಚೆಯ ಬದಿ, ಇಲ್ಲಿಂದ ಯಾರೂ ಎಂದೂ ನೋಡದ್ದು. ಇಷ್ಟು ವರ್ಷ ಮೋಡ ಕವಿದಾಗಲೆಲ್ಲ ನಾನು ಅರ್ಘ್ಯ ಕೊಟ್ಟದ್ದು ಚಂದ್ರನ ಬೆನ್ನಿಗೆ.

"ನಿಮಗ ಮೊದಲ ಗೊತ್ತಿತ್ತೇನ್ರಿ?" ಎಂದೆ.

"ಗೊತ್ತಿತ್ತು. ನೀ ಹಸದಿದ್ದಿ. ಯಾವ ಬಾಜೂ ಅಂತ ಪಾಠ ಹೇಳೂ ಹೊತ್ತೇನು ಅದು?"

ಸಿಟ್ಟು ಬರಬೇಕಿತ್ತು, ಅರ್ಧ ಬಂತು. ಉಳಿದರ್ಧ ವ್ರತಭಂಗದ ಚಿಂತೆಗೆ ಹೋಯಿತು. ಅಕ್ಕಲಕೋಟಕ್ಕೆ ಸ್ವಾಮಿಗಳ ದರ್ಶನಕ್ಕೆ ಹೋದಾಗ ವನ್ಸನ ಮುಂದೆ ಹೇಳಿಕೊಂಡೆ. ಅವರು ಅಡಿಕೆ ಕತ್ತರಿಸುವುದನ್ನೂ ನಿಲ್ಲಿಸಲಿಲ್ಲ. "ಹುಚ್ಚಿ, ಗುಡಿಗೆ ಪ್ರದಕ್ಷಿಣಿ ಹಾಕೂವಾಗ ಹಿಂದಿನ ಗ್ವಾಡಿಗೆ ಹಣಿ ಹಚ್ಚೂದಿಲ್ಲೇನು ನೀ? ಆ ಗಾಡಿ ಪ್ರದಕ್ಷಿಣಿ ಹಾಕಿತು, ನೀ ಹಣಿ ಹಚ್ಚಿದಿ. ಮುಗೀತು." ಕುಂಭಾರಿ ದಾಟಿ ಬಸ್ಸು ಊರು ಮುಟ್ಟುವವರೆಗೆ ನನ್ನ ಮನಸ್ಸು ಹಗುರಾಗಿತ್ತು. ಮನೆಗೆ ಬಂದು ಗೋಡೆಯ ಬರಿ ಮೊಳೆ ನೋಡಿದೊಡನೆ ಮತ್ತೆ ಭಾರವಾಯಿತು.

ಯಾಕೆಂದರೆ ನಿಜವಾದ ಸಂಕಷ್ಟಿ ಇನ್ನೂ ಬಾಕಿ ಇತ್ತು. ಫೋಟೊ ಗಾಜಿಗೆ ಅಂಟಿಬಿಟ್ಟಿತ್ತು. ನಾನು ಗಾಜಿಗೆ ಒದ್ದೆ ಬೆರಳಿನಿಂದ ಕುಂಕುಮ ಹಚ್ಚಿದಾಗಲೆಲ್ಲ ಒಂದೆರಡು ಹನಿ ಇಳಿದು, ಕೆಳಗಿನ ಚೌಕಟ್ಟಿನ ಸಂದಿಯಿಂದ ಒಳಗೆ ಸೇರಿ, ಅಲ್ಲಿ ಕಾಗದ ಗಾಜನ್ನು ಕಚ್ಚಿ ಹಿಡಿದಿತ್ತು. ಗಾಜಿನ ಸಮೇತ ಸ್ಕ್ಯಾನರಿನ ಮೇಲಿಟ್ಟರೆ ಬರೀ ಹೊಳಪು ಬರುತ್ತದೆ. ಎಳೆದರೆ ಹರಿಯುತ್ತದೆ. ಹರಿದರೆ ಇವರ ಸಂಗ್ರಹಕ್ಕೂ ಇಲ್ಲ, ನನ್ನ ಗೋಡೆಗೂ ಇಲ್ಲ. ಮತ್ತೊಂದು ಪ್ರತಿ ಎಲ್ಲಿಂದ ತರುವುದು? ಇವರೊಳಗೆ ಆ ಕಾಗದ ಬರೆದ ಹುಡುಗನೂ ಈಗಿಲ್ಲ, ಅದಕ್ಕೆ ಉತ್ತರ ಕೊಟ್ಟ ಪುಣ್ಯಾತ್ಮರೂ ಎಲ್ಲಿದ್ದಾರೋ. ಸುಳ್ಳೇಕೆ ಹೇಳಲಿ, ಬಿಡಿಸುವುದೇ ಬೇಡ ಎಂದು ನಾನೂ ಒಂದೆರಡು ದಿನ ಹಟ ಹಿಡಿದೆ. ತೆಗೆದ ಮೇಲೆ ಅದರದೇ ನಕಲು ಅಚ್ಚು ಹಾಕಿಸಿ ಕೊಡುತ್ತೇನೆ, ಎರಡೂ ಒಂದೇ ಎಂದರು ಇವರು. ಎರಡೂ ಒಂದೇ ಆದರೆ ನಕಲು ನೀವಿಟ್ಟುಕೊಳ್ಳಿ ಎಂದೆ. ಆ ಹೊತ್ತು ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಪೇಪರು ಓದಿದೆವು.

ಆದರೆ ದಿನಾ ನೋಡುತ್ತಿದ್ದರೆ ಗೊತ್ತಾಗುತ್ತಿತ್ತು: ಒಳಗೆ ಇಳಿದ ಕುಂಕುಮದ ಕೆಂಪು ಕಾಗದದಲ್ಲಿ ಮೇಲೇರುತ್ತಿತ್ತು. ಹಾಗೇ ಬಿಟ್ಟರೆ ನನ್ನ ಭಕ್ತಿಯೇ ಅದನ್ನು ತಿಂದು ಮುಗಿಸುತ್ತಿತ್ತು.

ಕಾರಖಾನೆಯ ಸುಟ್ಟಿಯೂ ಸಂಕಷ್ಟಿಯೂ ಕೂಡಿ ಬಂದ ಒಂದು ಬೆಳಿಗ್ಗೆ ಹಿಟ್ಟು ನಾದುವ ದೊಡ್ಡ ಪರಾತಿನಲ್ಲಿ ಸೋಸಿದ ನೀರು ತುಂಬಿ, ಗಾಜಿನ ಸಮೇತ ಚಂದ್ರನನ್ನು ಇಳಿಸಿದೆವು. ಫೋಟೊ ನೀರಿನಲ್ಲೇ ಹುಟ್ಟಿದ್ದು, ನೀರಿಗೆ ಅಂಜುವುದಿಲ್ಲ ಎಂದು ಇವರು ಹೇಳಿದರು. ಅಂಜುತ್ತಿದ್ದವರು ಅವರೇ, ನೀರಿಗೆ ಕೈ ಹಾಕಲಿಲ್ಲ. ಕೊನೆಗೆ ನಾನೇ ಕೂತೆ. ಸಂಕಷ್ಟಿಯ ದಿನ ನಾನು ಕದಲದೆ ಕೂತದ್ದು ಅದೊಂದೇ ಸಲ. ನೆನೆದಂತೆಲ್ಲ ಬೆರಳ ತುದಿಯಿಂದ ಸರಿಸುತ್ತ ಬಂದೆ. ಮೇಲಿನ ಭಾಗ ತಾನಾಗಿ ತೇಲಿತು. ಕೆಳಗಿನ ಅಂಚು ಮಾತ್ರ, ಕುಂಕುಮ ಇಳಿದು ನಿಂತಲ್ಲಿ, ಬಿಡಲಿಲ್ಲ. ಇನ್ನೊಂದು ಕೂದಲೆಳೆ ಎಳೆದರೆ ಸೀಳು ನಡುವಿಗೆ ಓಡುತ್ತಿತ್ತು.

"ಬ್ಲೇಡ್ ಕೊಡ್ರಿ," ಎಂದೆ.

ಇವರು ನನ್ನ ಮುಖ ನೋಡಿದರು. "ನಿನ್ನ ಚಂದ್ರ ಅದು."

"ಅದಕ್ಕ ನಾನ ಕೊಯ್ತೀನಿ. ಅಷ್ಟು ಗಾಜಿಗಿರಲಿ, ಉಳದದ್ದು ನಿಮಗ."

ಅಂಟಿದ ಅಂಚಿನ ಗುಂಟ, ಕಲೆ ಬಾಗಿದ ಹಾಗೆ ಬ್ಲೇಡು ಬಾಗಿಸಿ ಕೊಯ್ದೆ. ಫೋಟೊ ಬಿಟ್ಟುಕೊಂಡು ಬಂತು. ನಮ್ಮೂರ ಟಾವೆಲ್ಲುಗಳ ನಡುವೆ ಒಣಗಿಸಿ, ಮಧ್ಯಾಹ್ನ ಫೋಟೊವನ್ನೂ ಗಾಜನ್ನೂ ಎರಡು ಮಕ್ಕಳಂತೆ ಮಡಿಲಲ್ಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತು ಎಂಐಡಿಸಿಗೆ ನಾನೂ ಹೋದೆ. ಗಾಜಿನ ಮೇಲಿನ ಪಟ್ಟಿಯನ್ನೂ ಯಂತ್ರಕ್ಕೆ ಕೊಟ್ಟರು. ಹೊಳಪಿನ ನಡುವೆಯೂ ಅಷ್ಟಿಷ್ಟು ಬಂತು. ಅಂಬಾದಾಸ ಪರದೆಯ ಮೇಲೆ ಎರಡನ್ನೂ ನೋಡಿ, ಇವರಿಗೆ ಅಂಜಿ ನನ್ನನ್ನು ಕೇಳಿದ: "ಕಾಕು, ಜೋಡಿಸಿ ಬಿಡಲೇನ್ರಿ? ಗೊತ್ತೂ ಆಗಂಗಿಲ್ಲ."

ಉತ್ತರ ಇವರು ಕೊಟ್ಟರು. ದನಿ ಏರಲಿಲ್ಲ. "ಬ್ಯಾಡಪಾ. ಬ್ಯಾರೆ ಬ್ಯಾರೆನ ಇಡು. ಕೊಯ್ದದ್ದೂ ಅದರ ಚರಿತ್ರಾನ."

ಫೋಟೊ ಟ್ರಂಕು ಸೇರಿತು, ಬೆಳಕು, ಎಣ್ಣೆಯ ಹೊಗೆ, ನನ್ನ ಬೆರಳು ಯಾವುದೂ ತಾಗದ ಕಡೆ. ಗಾಜನ್ನು ಇವರೇ ಹಳೆಯ ಚೌಕಟ್ಟಿಗೆ ಕೂಡಿಸಿ, ಹೊಸ್ತಿಲು ದಾಟಿ ಒಳಗೆ ಬಂದು ಅದೇ ಮೊಳೆಗೆ ಹಾಕಿದರು. ಈಗ ಅದರಲ್ಲಿ ಹೆಚ್ಚುಕಡಿಮೆ ಗೋಡೆಯೇ ಕಾಣುತ್ತದೆ. ಕೆಳಗೆ ಬಾಗಿದ ಒಂದು ಎಸಳು ಚಂದ್ರ, ಕೆಂಪಗೆ.

ಅಂದು ಸಂಜೆಯೂ ಮೋಡ ಕವಿದಿತ್ತು. ನಾನು ಗಚ್ಚಿಗೆ ಹೋಗಲಿಲ್ಲ. ಪಂಚಾಂಗದ ಹೊತ್ತಿಗೆ ಆ ಎಸಳಿನ ಮುಂದೆ ನಿಂತು, ಇಷ್ಟಕ್ಕೆ ಉಪವಾಸ ಬಿಡಬಹುದೇ ಎಂದು ಒಂದು ಗಳಿಗೆ ತೊಳಲಾಡಿದೆ. ಆಮೇಲೆ ಹೊಳೆಯಿತು. ಸಂಕಷ್ಟಿಯ ಚಂದ್ರ ಹೇಗೂ ಪೂರ್ತಿ ಇರುವುದಿಲ್ಲ. ಹುಣ್ಣಿಮೆ ಕಳೆದು ಸವೆಯಲು ಶುರುವಾದ ಮೇಲೆಯೇ ಅವನು ನಮ್ಮ ಪಾಲಿಗೆ ಬರುವುದು. ಸವೆದವನನ್ನೇ ನೋಡಿ ಇಷ್ಟು ವರ್ಷ ತೃಪ್ತಿಯಿಂದ ಉಂಡವಳು ನಾನು. ಅರ್ಘ್ಯ ಬಿಟ್ಟೆ, ಗಾಜಿನಿಂದ ಸ್ವಲ್ಪ ದೂರದಲ್ಲಿ. ಎರಡು ತಾಟು ಹಾಕಿ ಇವರನ್ನು ಊಟಕ್ಕೆ ಕರೆದೆ.