ನೀರಲ್ಲಿ ಏನೂ ಇಲ್ಲ ಅಂದಿದ್ದೆ

ನನ್ನ ಹೆಂಡತಿ ಸತ್ತದ್ದು ಮೀನಿನ ತೊಟ್ಟಿಗೆ ಕೈ ಹಾಕಿ. ಹೀಗೆ ನೇರವಾಗಿ ಬರೆಯಲು ನನಗೆ ಎರಡು ವರ್ಷ ಹಿಡಿಯಿತು.

ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿ ನಮ್ಮ ಮನೆ. ಪಡಸಾಲೆಯಲ್ಲಿ ಗಾಜಿನ ತೊಟ್ಟಿ, ಅದರಲ್ಲಿ ಆರು ಗೋಲ್ಡ್ ಫಿಶ್, ನೀರೊಳಗೆ ಸದಾ ಗುರುಗುಟ್ಟುವ ಒಂದು ಪಂಪು. ಮೀನು ಆಕೆಯವು, ಗೊಣಗಾಟ ನನ್ನದು. ಆಕೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ತೊಟ್ಟಿಯ ಹತ್ತಿರ ಬರುತ್ತಿದ್ದಳು. ಕಾಳು ಹಾಕಿ, ಹಿಂದಿನ ದಿನದ ಕಸವನ್ನು ಕೈಯಿಂದಲೇ ತೆಗೆಯುತ್ತಿದ್ದಳು. ಆಕೆಗೆ ಅದೂ ಪೂಜೆಯ ಭಾಗವೇ.

ಆ ಬೇಸಿಗೆಯಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಕರೆಂಟ್ ಹೋಗತೊಡಗಿತು. ಬೀದಿಗೆಲ್ಲ ಇದೆ, ನಮಗಿಲ್ಲ. ಎಲ್ಲಾದರೂ ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್ಚೊಂದು ಮೀಟರಿನ ಪಕ್ಕ ಇತ್ತು, ಅದು ಬೀಳುತ್ತಿತ್ತು. ನಾನು ಪೇಪರ್ ಹಿಡಿದು ಕೂತಾಗಲೇ ಫ್ಯಾನ್ ನಿಲ್ಲುತ್ತಿತ್ತು. ನಮ್ಮೂರ ಸೆಕೆ, ಮೇಲೆ ನನ್ನ ಮೂಗಿನ ತುದಿಯ ಸಿಟ್ಟು. ಕೌಲ್ ಬಜಾರ್‌ನಿಂದ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ.

"ಎಲ್ಲೋ ಲೀಕ್ ಐತ್ರಿ ಸರ್. ಒಂದಿನ ಟೈಮ್ ಕೊಡ್ರಿ, ಹುಡುಕ್ತೀನಿ," ಅಂದ.

"ನಿನ್ ಪುರಾಣ ಸಾಕಪ್ಪ. ಆ ಸ್ವಿಚ್ ತಗದು ಡೈರೆಕ್ಟ್ ಕೊಟ್ಬಿಡು," ಅಂದೆ.

ಕೊಟ್ಟ. ಫ್ಯಾನ್ ಮತ್ತೆ ನಿಲ್ಲಲಿಲ್ಲ. ನಾನು ಗೆದ್ದವನ ಹಾಗೆ ಪೇಪರ್ ಓದಿದೆ.

ವಾರದೊಳಗೆ ಆಕೆ, "ನೀರು ಕೈ ಹಿಡ್ಯಾಕತ್ತೈತ್ರಿ, ಜುಮ್ ಅಂತೈತಿ. ನಾ ಇನ್ನ ಕೈ ಹಾಕಂಗಿಲ್ಲ," ಅಂದಳು. ನಾನು ಎದ್ದು ಹೋಗಿ ಮೊಣಕೈತನಕ ಅದ್ದಿದೆ. ಏನೂ ಆಗಲಿಲ್ಲ.

"ಮೀನು ಮುತ್ತು ಕೊಟ್ಟಿರಬೇಕು ನಿನಗ. ಅಂಜುಬುರುಕಿ! ನೀರಾಗ ಏನೂ ಇಲ್ಲ, ಹಾಕು ಕೈ."

ಆಕೆಯೂ ನಕ್ಕಳು. 

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಕಾಳಿನ ಡಬ್ಬಿ ಬಿದ್ದ ಸದ್ದಾಯಿತು. ನಾನು ಓಡಿ ಬಂದು, ಮತ್ತೆ ಓಡಿ ಮೇನ್ ಆರಿಸಿ, ಆಕೆಯನ್ನು ಎತ್ತುವಷ್ಟರಲ್ಲಿ ಉಸಿರಿರಲಿಲ್ಲ.

ಮಣ್ಣಾದ ಮೂರನೇ ದಿನ ಎಲೆಕ್ಟ್ರಿಷಿಯನ್ ಬಂದು ಪಂಪು ಬಿಚ್ಚಿ ನೋಡಿದ. ವೈರಿನ ಬುಡ ಸೀಳಿತ್ತು. "ನೀವು ಕೈ ಇಟ್ಟಾಗ ಕಾಲಾಗ ಏನಿತ್ರಿ ಸರ್?" ಎಂದು ಮೆಲ್ಲಗೆ ಕೇಳಿದ.

ರಬ್ಬರ್ ಚಪ್ಪಲಿ ಇತ್ತು. ಹಿಮ್ಮಡಿ ನೋವಿಗೆಂದು ಡಾಕ್ಟರು ಹೇಳಿದ ಮೇಲೆ ಮನೆಯೊಳಗೂ ನಾನು ಅದನ್ನು ಬಿಡುತ್ತಿರಲಿಲ್ಲ. ಕರೆಂಟ್ ನನ್ನ ಮೂಲಕ ನೆಲಕ್ಕಿಳಿಯಲು ಅದು ಬಿಟ್ಟಿರಲಿಲ್ಲ. ಆಕೆ ಪೂಜೆಯಿಂದ ಎದ್ದವಳು. ಬರಿಗಾಲು, ಒದ್ದೆ ಪಾದ. ಆ ಸ್ವಿಚ್ ಬೀಳುತ್ತಿದ್ದದ್ದು ಆಕೆ ನೀರಿಗೆ ಕೈ ಹಾಕಿದಾಗಲೇ, ಆಕೆಯನ್ನು ಉಳಿಸಲೆಂದೇ. ನಾನು ಫ್ಯಾನಿಗಾಗಿ ಅದನ್ನು ಕೀಳಿಸಿದ್ದೆ.

ಸಿರುಗುಪ್ಪದಿಂದ ಬಂದಿದ್ದ ಅತ್ತೆ ಪಕ್ಕದಲ್ಲೇ ಕೂತಿದ್ದರು. ಮಗಳನ್ನು ಕಳೆದುಕೊಂಡವರೇ ನನಗೆ ಸಮಾಧಾನ ಹೇಳಿದರು.

"ನೀವು ಬ್ಯಾಡ ಅಂದಿರ್ತೀರಿ. ಆಕಿ ಸಣ್ಣಾಕಿದ್ದಾಗಿಂದ ಹಟಮಾರಿ, ಯಾರ ಮಾತೂ ಕೇಳ್ತಿದ್ದಿಲ್ಲ."



"ನನ್ನ ಮಾತು ಕೇಳಿದಳ್ರಿ ಅತ್ತಿ," ಅಂದೆ. "ಕೇಳೇ ಕೈ ಹಾಕಿದಳು."